ಅಮ್ಮ ಒತ್ತಿದ ಬ್ರೇಕು

ಇವತ್ತು ಕೆಂಪಾಪುರದ ಗ್ಯಾರೇಜಿನಲ್ಲಿ ನನ್ನ ಕಾರಿನ ಚಕ್ರ ಬಿಚ್ಚಿದ್ದರು. ಬ್ರೇಕ್ ಆಯಿಲ್ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಮತ್ತೆ ಚಿಕ್ಕ ಹುಡುಗಿಯಾಗಿ, ಹೆಬ್ಬಾಳದಾಚೆಯ ಸಿಂಗಾಪುರವೆಂಬ ಹಳ್ಳಿಯ ನಮ್ಮ ಮನೆ ಮುಂದೆ ಲಂಗ ಮುದುರಿಕೊಂಡು ಕುಕ್ಕರುಗಾಲಲ್ಲಿ ಕೂತಿದ್ದೆ.

ಅಪ್ಪ ತರಕಾರಿ ಸಾಗಿಸುತ್ತಿದ್ದ ಹಳೇ ಪಿಕಪ್ಪು ಮುಂಚಿನ ದಿನ ಹೆಬ್ಬಾಳದ ಇಳಿಜಾರಿನಲ್ಲಿ ನಿಲ್ಲದೆ, ಕೆರೆಗೆ ಬೀಳುವುದು ಸ್ವಲ್ಪದರಲ್ಲಿ ತಪ್ಪಿತ್ತು. ಅಪ್ಪ ಹಿಂದಿನ ಚಕ್ರದ ಡ್ರಮ್ ಕಳಚಿದರು. ದಪ್ಪ ಬಾಣಲೆಯಂಥ ಅದರೊಳಗಿಂದ ಕಪ್ಪು ಪುಡಿ ಉದುರಿತು. ಸವೆದ ಲೈನಿಂಗ್ ಪಟ್ಟಿ ತೆಗೆದು ಹೊಸದು ಕೂರಿಸಿ, "ಬಾರೇ ಇಲ್ಲಿ" ಎಂದು ಅಮ್ಮನನ್ನು ಕರೆದರು. ಬ್ರೇಕಿನ ಪೈಪಿಗೆ ಸೇರಿದ್ದ ಗಾಳಿ ತೆಗೆಯಲು ಇನ್ನೊಬ್ಬರು ಬೇಕಿತ್ತು.

ಮುಂದಿನ ಸೀಟಿನಲ್ಲಿ ಎಂದೂ ಕೂರದ ಅಮ್ಮ ಅವತ್ತು ಡ್ರೈವರ್ ಜಾಗದಲ್ಲೇ ಕೂತಳು. ಕಾಲುಂಗುರದ ಬರಿಗಾಲನ್ನು ಪೆಡಲ್ ಮೇಲಿಟ್ಟಳು.

"ಒತ್ತು... ಇಡ್ಕೊ... ಈಗ ಬಿಡು," ಅಪ್ಪ ಗಾಡಿ ಕೆಳಗಿಂದ ಕೂಗುತ್ತಿದ್ದರು. ಪೈಪಿನ ತುದಿಗಿಟ್ಟ ಎಣ್ಣೆಯ ಸೀಸೆಯಲ್ಲಿ ಗುಳ್ಳೆ ನಿಲ್ಲುವವರೆಗೂ ಅಮ್ಮ ತುಟಿ ಕಚ್ಚಿಕೊಂಡು ಒತ್ತಿದಳು.

ಊರಾಚೆಯ ಇಳಿಜಾರಿನಲ್ಲಿ ಪರೀಕ್ಷೆ. ಅಪ್ಪ ಮೇಲಿಂದ ಗಾಡಿ ಬಿಟ್ಟರೆ, ಕೆಳಗೆ ಅಮ್ಮ ದಾರಿ ಮಧ್ಯೆ ನಿಂತಿದ್ದಳು!

"ಪಕ್ಕಕ್ಕೋಗೇ!" ಅಪ್ಪ ಅರಚಿದರು.

"ನಾನೇ ಒತ್ತಿರೋದು. ನಿಲ್ತೈತೆ, ಬನ್ನಿ!"

ಗಾಡಿ ಕಿರುಗುಟ್ಟುತ್ತ ಬಂದು ಅವಳಿಂದ ಮೊಳ ದೂರದಲ್ಲಿ ನಿಂತಿತು. ಅಮ್ಮ ಸೆರಗಿನಿಂದ ಬಾನೆಟ್ಟಿನ ಧೂಳು ಒರೆಸಿ, ಹಸುವಿನ ಬೆನ್ನು ತಟ್ಟುವಂತೆ ತಟ್ಟಿದಳು. ಅಪ್ಪ ಇಳಿದು ಬಂದು, ಅವಳಿಗೂ ಗಾಡಿಗೂ ನಡುವೆ ಉಳಿದ ಜಾಗವನ್ನು ಗೇಣು ಹಾಕಿ ಅಳೆದರು.

"ಟ್ರಯಲ್ ನೋಡಿ ಮೇಡಂ," ಎಂದು ಮೆಕ್ಯಾನಿಕ್ ಕೀ ಕೊಟ್ಟ. ಹೆಬ್ಬಾಳದ ಫ್ಲೈಓವರ್ ಇಳಿಯುವಾಗ ಬ್ರೇಕ್ ಒತ್ತಿದೆ. ಎದುರಿಗೆ, ದಾರಿ ಮಧ್ಯೆ, ಅವತ್ತಿನ ಅಮ್ಮ ಅಲುಗಾಡದೆ ನಿಂತಿದ್ದಳು.