ಟೀಚರಮ್ಮನ ದೊಡ್ಡಪತ್ರೆ

ಉಮ್ಮೆ ಕುಲ್ಸುಂ ಶಿವಾಜಿನಗರದ ಶಾಲೆಯೊಂದರಲ್ಲಿ ಮೂವತ್ತೆರಡು ವರ್ಷ ವಿಜ್ಞಾನ ಕಲಿಸಿದವರು. ನಿವೃತ್ತಿಯ ದಿನ ಮನೆ ಸೇರಿದ ಮೇಲೆ ಕೈಚೀಲದಲ್ಲಿ ಶಾಲೆಯ ಅರ್ಧ ಸೀಮೆಸುಣ್ಣ ಸಿಕ್ಕಿತೆಂದು, ಅದನ್ನು ಹಿಂದಿರುಗಿಸಲು ಮತ್ತೆ ಆಟೋ ಹತ್ತಿದ್ದರು.

ಆಮೇಲೆ ಸರ್ವಜ್ಞನಗರದಲ್ಲಿ ಮಗಳು ಶಿರೀನಳ ಫ್ಲಾಟಿಗೆ ಬಂದರು. ಮೊಮ್ಮಗಳು ಅಲಿಯಾಗೆ ಕೆಮ್ಮು ಹತ್ತಿದಾಗ, ಪಕ್ಕದ ಹಳೇ ಮನೆಯ ಆಂಜನಮ್ಮ ಕಾಂಪೌಂಡಿನ ಮೇಲಿಂದ ಒಂದು ಹಿಡಿ ದೊಡ್ಡಪತ್ರೆ ಎಲೆ ಕೊಟ್ಟರು. ಅವರು ಹೇಳಿದಂತೆ ನಾಲ್ಕೆಲೆ ಹೆಂಚಿನ ಮೇಲೆ ಬಾಡಿಸಿ, ರಸ ಹಿಂಡಿ, ಜೇನಿನಲ್ಲಿ ನೆಕ್ಕಿಸಿದ್ದಾಯಿತು. ಮಿಕ್ಕಿದ್ದು ಕಾಯಿ, ಜೀರಿಗೆ, ಮಜ್ಜಿಗೆ ಸೇರಿ ತಂಬುಳಿಯಾಯಿತು. ಕುಲ್ಸುಂ ಮೂರು ಸಲ ಬಡಿಸಿಕೊಂಡರು. ಮರುದಿನವೇ ಕಾಂಪೌಂಡಿನ ಬಳಿ ನಿಂತರು.

“ಒಂದು ಕಡ್ಡಿ ಕೊಡಿ ಆಂಜನಮ್ಮ, ಕುಂಡದಲ್ಲಿ ನೆಡ್ತೀನಿ.”

“ಎಲೆ ಎಷ್ಟಾದ್ರೂ ತಗೊಳ್ಳಿ ಟೀಚರಮ್ಮ, ಕಡ್ಡಿ ಮಾತ್ರ ಕೊಡಲ್ಲ. ಕೊಟ್ಟಿದ್ದು ಹತ್ತಲ್ಲ, ಕದ್ದಿದ್ದೇ ಚಿಗುರೋದು. ನಾನು ಒಳಗೋಗ್ತೀನಿ, ನೀವು ಮುರ್ಕೊಳ್ಳಿ.”

“ಗೆಣ್ಣು ಮಣ್ಣೊಳಗಿದ್ರೆ ಯಾರು ಕೊಟ್ರೂ ಬೇರು ಬರುತ್ತೆ. ಮಕ್ಕಳಿಗೆ ಕಲಿಸ್ತಿದ್ದ ಪಾಠ ಇದು!”

“ನಿಮ್ಮ ಪಾಠ ಗಿಡಕ್ಕೆ ಗೊತ್ತಾ?”

ಮೂರು ದಿನ ಆಂಜನಮ್ಮ ಬೇಕೆಂದೇ ಒಳಗೆ ಹೋಗಿ ಕಿಟಕಿಯಿಂದ ಇಣುಕಿದರು. ಕುಲ್ಸುಂ ಕೈ ಚಾಚುವರು, ಹಿಂದಕ್ಕೆಳೆದುಕೊಳ್ಳುವರು.

“ಅಮ್ಮೀ, ಅವರೇ ಕದೀರಿ ಅಂತಿದ್ದಾರಲ್ಲ!” ಎಂದು ಶಿರೀನ್ ನಕ್ಕಳು.

“ನನಗೆ ಅರ್ಥ ಆಗುತ್ತೆ. ಈ ಕೈಗೆ ಆಗ್ಬೇಕಲ್ಲ!”

ನಾಲ್ಕನೇ ದಿನ ಆಂಜನಮ್ಮನ ತಾಳ್ಮೆ ಮುಗಿಯಿತು. ಗಿಡ ನೆಟ್ಟಿದ್ದ ಅವರ ಗಂಡ ದೊಡ್ಡಮುನಿಯಪ್ಪ ಜಗಲಿಯಲ್ಲಿ ಪೇಪರ್ ಓದುತ್ತಿದ್ದರು. ಅವರ ಎದುರಿಗೇ ಉದ್ದದ ಕಡ್ಡಿಯೊಂದನ್ನು ಲಟಕ್ಕನೆ ಮುರಿದು ಸೆರಗಿನೊಳಗೆ ಬಚ್ಚಿಟ್ಟರು.

“ಏನೇ ಅದು?”

“ಏನೂ ಇಲ್ಲ, ನೀವು ಪೇಪರ್ ನೋಡಿ.”

ದೊಡ್ಡಮುನಿಯಪ್ಪ ಪೇಪರನ್ನು ಮುಖಕ್ಕೆ ಅಡ್ಡ ಹಿಡಿದರು. ಅದರ ಹಿಂದೆ ನಗುವಿಗೆ ಭುಜ ಕುಲುಕುವುದು ಮಾತ್ರ ಕಾಣುತ್ತಿತ್ತು.

ಆಂಜನಮ್ಮ ಕಾಂಪೌಂಡಿನ ಮೇಲಿಂದ ಕಡ್ಡಿ ದಾಟಿಸಿದರು. “ತಗೊಳ್ಳಿ. ಕದ್ದೋಳು ನಾನು, ಆ ಪಾಪ ನನಗಿರಲಿ. ನೀವು ನೆಡಿ ಸಾಕು.”

ಕುಲ್ಸುಂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ ಎರಡೂ ಕೈ ಚಾಚಿ ಇಸಿದುಕೊಂಡು, ಗೆಣ್ಣು ಎಣಿಸಿ, ಎರಡು ಗೆಣ್ಣು ಮಣ್ಣಿನೊಳಗೆ ಹೋಗುವಂತೆ ನೆಟ್ಟರು.

ಮಳೆಗಾಲ ಮುಗಿಯುವಷ್ಟರಲ್ಲಿ ಕುಂಡ ತುಂಬಿತು. ಒಂದು ಭಾನುವಾರ ಎಲೆಗಳನ್ನು ಕಡಲೆಹಿಟ್ಟಿನಲ್ಲಿ ಅದ್ದಿ ಬಜ್ಜಿ ಕರಿದು, ಪುದೀನ ಚಟ್ನಿಯ ಜೊತೆ ಪಕ್ಕದ ಮನೆಗೆ ಒಯ್ದರು. ಕದ್ದಿದ್ದಕ್ಕೆ ಚಿಗುರಿತೋ, ಗೆಣ್ಣಿನಿಂದ ಚಿಗುರಿತೋ ಎಂದು ಇಬ್ಬರು ಹೆಂಗಸರೂ ವಾದಕ್ಕೆ ಕೂತರು. ಅಷ್ಟು ಹೊತ್ತಿಗೆ ದೊಡ್ಡಮುನಿಯಪ್ಪ ಏಳನೇ ಬಜ್ಜಿಗೆ ಕೈ ಹಾಕಿದ್ದರು.