ಮಾವಶಿ ಕಾಯುವುದನ್ನು ಬಿಟ್ಟ ದಿನ

ಕೊಳಾರದ ಕೈಗಾರಿಕಾ ಪ್ರದೇಶದ ನಮ್ಮ ಕಾರ್ಖಾನೆಯಲ್ಲಿ, ಬಿಡಿಭಾಗಗಳನ್ನು ಕಾಯಿಸಿ ಪರೀಕ್ಷಿಸುವ ಬಿಸಿಪೆಟ್ಟಿಗೆಯ ಬಾಗಿಲು ತೆರೆದಾಗಲೆಲ್ಲ ಕಾದ ತಗಡಿನ ವಾಸನೆ ಬರುತ್ತದೆ. ಇವತ್ತೂ ಬಂತು. ಮೇಜಿನ ಮೇಲೆ ಯಂತ್ರಗಳಿಗೆ ಮಿದುಳಿನಂತೆ ಕೆಲಸ ಮಾಡುವ ಎರಡು ಪುಟ್ಟ ಮೈಕ್ರೋಕಂಟ್ರೋಲರ್‌ಗಳಿದ್ದವು. ವಿಮಾನದಲ್ಲಿ ಇಂಧನದ ಮಟ್ಟ ತೋರಿಸುವ ಯಂತ್ರಕ್ಕೆ ಒಂದನ್ನು ಆರಿಸಬೇಕಿತ್ತು. ಒಂದು ಹೊಸದು, ಬಲು ಚುರುಕು. ಇನ್ನೊಂದು ನಿಧಾನ, ಆದರೆ ವರ್ಷಗಟ್ಟಲೆ ಸುಡುವ ಬಿಸಿ, ಕೊರೆಯುವ ಚಳಿ ಎರಡನ್ನೂ ತಾಳಿಕೊಂಡದ್ದು. ನಿಮ್ಮ ಮುಂದೆ ಮುಚ್ಚುಮರೆ ಯಾಕೆ, ನನ್ನ ಪೆನ್ನು ಹೊಸದರ ಹೆಸರಿನ ಮೇಲೇ ನಿಂತಿತ್ತು. ಚುರುಕಾದದ್ದು ಕಂಡರೆ ಮರುಳಾಗುವುದು ನನ್ನ ಹಳೆಯ ಚಾಳಿ.

ಆ ಚಾಳಿಗೆ ಮದ್ದು ಭಾಲ್ಕಿಯ ಶರಣಪ್ಪ ಕಾಕಾನ ಹತ್ತಿರ ಇತ್ತು. ಕಾಕಾನದು ರೇಡಿಯೋ, ಟಿವಿ ರಿಪೇರಿ ಅಂಗಡಿ. ಹೊಸ ಬಿಡಿಭಾಗ ಏನೇ ಬಂದರೂ ಎರಡು ದಿನ ತಗಡಿನ ಛಾವಣಿಯ ಮೇಲೆ ಬಿಸಿಲಿಗಿಟ್ಟು, ಆಮೇಲೆ ಗಿರಾಕಿಯ ರೇಡಿಯೋಕ್ಕೆ ಹಚ್ಚುತ್ತಿದ್ದ.

"ಸಾಯೋದಿದ್ರ ಇಲ್ಲೇ ಸಾಯ್ಲಿ, ಮಂದಿ ಮನ್ಯಾಗ ಬ್ಯಾಡ," ಅನ್ನುತ್ತಿದ್ದ. ನಾನಾಗ ಇಂಜಿನಿಯರಿಂಗ್ ಓದುತ್ತಿದ್ದವನು, ನಗದೆ ಇರಲಾದೀತೇ?

ಎರಡು ವರ್ಷ ಮಳೆ ಕೈಕೊಟ್ಟ ಕಾಲವದು. ಔರಾದಿನಲ್ಲಿ ನಮ್ಮವ್ವನ ತಂಗಿ, ಅಂದರೆ ಮಾವಶಿ, ಇದ್ದ ಓಣಿಯ ಅರ್ಧ ಮನೆಗಳಿಗೆ ಬೀಗ. ಮಂದಿ ಕಟ್ಟಡದ ಕೆಲಸಕ್ಕೆಂದು ಹೈದರಾಬಾದಿಗೆ ಹೋಗಿದ್ದರು. ಮಾವಶಿ ತನ್ನ ಎರಡು ಎಮ್ಮೆಗಳಿಗಾಗಿ ಉಳಿದಿದ್ದಳು. ಉಳಿದವರಿಗೆಲ್ಲ ಒಂದೇ ಬೋರು. ಕರೆಂಟು ಯಾವಾಗ ಬರುವುದೋ ಗೊತ್ತಿಲ್ಲ. ಉಳಿದವರು ಕೂಲಿಗೆ ಹೋದರೆ, ಕರೆಂಟು ಬಂದ ಗಳಿಗೆಗೆ ಮೋಟಾರು ಚಾಲೂ ಮಾಡಲು ಅವಳು ದಿನವಿಡೀ ಅದರ ಮುಂದೆ ಕೂತಿರುತ್ತಿದ್ದಳು. ಕೂಲಿಗೆ ಹೋಗುವಂತಿರಲಿಲ್ಲ.

ಕರೆಂಟು ಬಂದರೆ ತಾನೇ ಮೋಟಾರು ಚಾಲೂ ಮಾಡುವ ಡಬ್ಬಿಯೊಂದನ್ನು ನಾನು ಮಾಡಿಕೊಟ್ಟೆ. ಒಳಗೆ ಆಗತಾನೇ ಬಂದಿದ್ದ ಮೈಕ್ರೋಕಂಟ್ರೋಲರ್. ಅದನ್ನು ತಗಡಿನ ಮೇಲಿಡಲಿಲ್ಲ. ಮನೆಯಲ್ಲಿ ಫ್ಯಾನಿನ ಕೆಳಗೆ ಕೂತು ಪರೀಕ್ಷೆ ಮಾಡಿದೆ, ಸಾಕೆನಿಸಿತು.

ಮಾವಶಿ ಖುಷಿಯಿಂದ ರಸ್ತೆ ಕೆಲಸಕ್ಕೆ ಹೋದಳು. ಮೂರನೆಯ ದಿನ ಡಬ್ಬಿ ಬಿಸಿಲಿಗೆ ಕಾದು ಸತ್ತಿತು. ಕರೆಂಟು ಬಂತು, ಹೋಯಿತು, ಮೋಟಾರು ಏಳಲಿಲ್ಲ. ಮುಂದೆ ಮೂರು ದಿನ ಕರೆಂಟೇ ಬರಲಿಲ್ಲ. ನೀರಿಲ್ಲದೆ ಒಂದು ಎಮ್ಮೆ ಬಿದ್ದದ್ದು ಮತ್ತೆ ಏಳಲಿಲ್ಲ. ಇನ್ನೊಂದನ್ನು ಮಾರಿ ಮಾವಶಿಯೂ ಹೈದರಾಬಾದಿನ ಬಸ್ಸು ಹತ್ತಿದಳು.

"ನಿನ್ನ ಡಬ್ಬಿ ಮ್ಯಾಲ ಭರೋಸಾ ಇಟ್ಟು ನಾ ಕಾಯೋದು ಬಿಟ್ಟೆನಪ್ಪಾ," ಅಂದಳು ಕಿಟಕಿಯಿಂದ. ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು. ನೆನೆದರೆ ಇವತ್ತಿಗೂ ತಲೆ ತಗ್ಗುತ್ತದೆ.

"ಸರ್, ಹೊಸದರಾಗ ಏನ್ ಕಮ್ಮಿ ಅದರಿ?" ಪೆನ್ನು ಹೊಸದರ ಹೆಸರಿನಿಂದ ಸರಿದದ್ದನ್ನು ಕಂಡು, ಕಾರ್ಖಾನೆಯಲ್ಲಿ ಜೊತೆಗೆ ಕೆಲಸ ಮಾಡುವ ಸುಜಾತಾ ಕೇಳಿದಳು.

"ಕಮ್ಮಿ ಏನಿಲ್ಲವ್ವಾ. ಇನ್ನಾ ಬಿಸಿಲು ಕಂಡಿಲ್ಲ."

ಹಳೆಯದರ ಹೆಸರು ಬರೆದೆ. ಹಾಗೆಂದು ಅದನ್ನೂ ಪೂರ್ತಿ ನಂಬಲಿಲ್ಲ. ಬಿಸಿಪೆಟ್ಟಿಗೆಯೊಳಗಿಟ್ಟು ಬಾಗಿಲು ಹಾಕಿದೆ. ಕುರ್ಚಿ ಎಳೆದುಕೊಂಡು, ಮಾವಶಿ ಮೋಟಾರಿನ ಮುಂದೆ ಕೂಡುತ್ತಿದ್ದ ಹಾಗೆ, ಅದರ ಮುಂದೆ ಕಾಯುತ್ತ ಕೂತೆ.