ಬಂಡೆಯ ಮೇಲಿನ ಒನ್ಸ್‌ಮೋರ್

ನಾನು ನಿಂತದ್ದು ಬಂಡೆಯ ಎಡಮಗ್ಗುಲಿಗೆ, ಬೇವಿನ ಗಿಡದ ಬುಡದಲ್ಲಿ. ಎಂಬತ್ತರ ದಶಕದ ಒಂದು ಮಾಘಮಾಸದ ಭಾನುವಾರ. ಹೊತ್ತು ಇನ್ನೂ ಮುಳುಗಿರಲಿಲ್ಲ. ಕುರ್ಚಿ ಸಿಕ್ಕಿದ್ದರೆ ಎಲ್ಲರ ಹಾಗೆ ಮುಂದೆ ಕೂತು ಚಪ್ಪಾಳೆ ತಟ್ಟಿರುತ್ತಿದ್ದೆ. ತಡವಾಗಿ ಬಂದವನಿಗೆ ಪಕ್ಕದ ನೋಟವೇ ಗತಿ.

ನಗರದಂಚಿನ ಮೆಹದಿಪಟ್ಟಣಂ ಆಚೆಯ ಆ ಬಂಡೆಗಳ ನಡುವೆ ನಮ್ಮ ಪಕ್ಕದ ಮನೆಯ ಸುಮಿತ್ರಾಳ ಹೊಸ ಬಗೆಯ ನೃತ್ಯವಿತ್ತು. ಕಥೆ ಗ್ರೀಕರದು: ಸೆರೆಯಿಂದ ಪಾರಾಗಲು ಅಪ್ಪ ಮಗನಿಗೆ ಮೇಣದಿಂದ ರೆಕ್ಕೆ ಅಂಟಿಸುತ್ತಾನೆ, ಮಗ ಸೂರ್ಯನ ಹತ್ತಿರ ಹಾರಿ, ಮೇಣ ಕರಗಿ, ಬೀಳುತ್ತಾನೆ. ಸುಮಿತ್ರಾ ಆ ಮಗ. ಎರಡಾಳೆತ್ತರದ ಬಂಡೆಯಿಂದ ಅವಳು ಹಿಂದಕ್ಕೆ ಬೀಳಬೇಕು. ಬಂಡೆಯ ಹಿಂದೆ, ಕೆಳಗೆ, ದಪ್ಪನೆಯ ಗಾದಿಗಳನ್ನು ಹಾಸಿದ್ದರು. ಅವು ನನಗೆ ಮಾತ್ರ ಕಾಣುತ್ತಿದ್ದವು.

ಬಿದ್ದಳು. ಚೆನ್ನಾಗಿಯೇ ಬಿದ್ದಳು. ಆದರೆ ಎದ್ದ ರಭಸಕ್ಕೆ ಗಾದಿಗಳು ಇಳಿಜಾರಿನಲ್ಲಿ ಜಾರಿ ಪೊದೆ ಸೇರಿದವು. ನಮಸ್ಕರಿಸಲು ಮುಂದಕ್ಕೆ ಓಡಿದವಳು ಹಿಂತಿರುಗಿ ನೋಡಲಿಲ್ಲ.

ಮುಂದಿನ ಸಾಲಿನಿಂದ ಅವಳ ಕಾಕಾ ಕೂಗಿದರು: “ಒನ್ಸ್‌ಮೋರ್! ಇನ್ನೊಮ್ಮೆ ಬೀಳವ್ವಾ.”

ನಮ್ಮ ಕಡೆಯ ಕಂಪನಿ ನಾಟಕಗಳಲ್ಲಿ ಸತ್ತ ರಾಜನೂ ಒನ್ಸ್‌ಮೋರ್ ಕೇಳಿದೊಡನೆ ಎದ್ದು, ಮೀಸೆ ಸರಿಮಾಡಿಕೊಂಡು, ಮತ್ತೆ ಸಾಯುತ್ತಿದ್ದ. ಕಲಬುರ್ಗಿ, ಬೀದರಿನಿಂದ ನೌಕರಿಗೆಂದು ಈ ನಗರಕ್ಕೆ ಬಂದ ನಾವು ಆ ರೂಢಿಯನ್ನೂ ಹೊತ್ತು ತಂದಿದ್ದೆವು. ರಾಜನಿಗೆ ನೆಲ ಮಟ್ಟಸವಾಗಿತ್ತು ಎನ್ನುವುದು ಯಾರಿಗೂ ನೆನಪಾಗಲಿಲ್ಲ. ಅದೇ ರೂಢಿಯಲ್ಲಿ ಬೆಳೆದ ಸುಮಿತ್ರಾ ಮತ್ತೆ ಬಂಡೆ ಹತ್ತತೊಡಗಿದಳು.

“ಬ್ಯಾಡವ್ವಾ, ಗಾದಿ ಇಲ್ಲಲ್ಲಿ” ಎಂದು ಕೂಗಿದೆ. ನೃತ್ಯಕ್ಕೆಂದು ಮತ್ತೆ ಶುರುವಾದ ನಗಾರಿಯ ಸದ್ದು ಅದನ್ನು ನುಂಗಿತು. ಎರಡೂ ಕೈ ಬೀಸಿದೆ. “ನೋಡ್ರಿ, ಅವರಿಗೂ ಒನ್ಸ್‌ಮೋರ್ ಬೇಕಂತ” ಎಂದರಂತೆ ಕಾಕಾ. ಅವಳು ತುದಿಯಲ್ಲಿ ನಿಂತು, ಜನರತ್ತ ಮುಖಮಾಡಿ, ನಿಧಾನವಾಗಿ ರೆಕ್ಕೆ ಹರಡಿದಳು.

ಅವಳ ಅವ್ವ ಶಾಂತಾಬಾಯಿ ನೃತ್ಯ ನೋಡುತ್ತಿರಲಿಲ್ಲ. ಮಗಳು ಬೀಳುವುದನ್ನು ನೋಡಲಾರದೆ ಮುಖವನ್ನು ಪಕ್ಕಕ್ಕೆ ತಿರುಗಿಸಿದ್ದರು. ಹಾಗಾಗಿ ಅವರಿಗೆ ನನ್ನ ಮುಖ ಕಂಡಿತು. ಸೆರಗು ಸಿಕ್ಕಿಸಿಕೊಂಡು ದಡದಡನೆ ಬಂಡೆ ಹತ್ತಿ ಒಂದು ರೆಕ್ಕೆ ಹಿಡಿದೇಬಿಟ್ಟರು. ನಗಾರಿ ನಿಂತಿತು.

“ಸಾಕು, ಇಳಿ. ಒಮ್ಮೆ ಬಿದ್ದೀದಿ, ಎಲ್ಲಾರೂ ನೋಡ್ಯಾರ.”

ಇದೂ ಕಥೆಯಲ್ಲಿದೆ ಎಂದುಕೊಂಡು ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಜನ ಚದುರಿದ ಮೇಲೆ ನಾನು ಅವ್ವ-ಮಗಳನ್ನೂ ಕಾಕಾರನ್ನೂ ನಗಾರಿಯವನನ್ನೂ ಬಂಡೆಯ ಹಿಂದಕ್ಕೆ ಕರೆದೊಯ್ದು ಬರಿ ಕಲ್ಲು ತೋರಿಸಿದೆ. ಮುಂದೊಂದು ದಿನ ಕೋಠಿಯ ಬಜಾರಿನಲ್ಲಿ ಹಳೆಯ ಪುಸ್ತಕವೊಂದನ್ನು ಹುಡುಕಿ ಆ ಕಥೆ ಓದಿದೆ. ಅಪ್ಪನ ಜಾಣತನ, ಮಗನ ಹುಮ್ಮಸ್ಸು, ಸೂರ್ಯ, ಸಮುದ್ರ ಎಲ್ಲ ಇದ್ದವು. ತಾಯಿ ಇರಲಿಲ್ಲ. ಇದ್ದಿದ್ದರೆ ಕಥೆಯೇ ಆಗುತ್ತಿರಲಿಲ್ಲವೇನೋ.

ಕಾಕಾ ಈಗಿಲ್ಲ, ನಗಾರಿಯವನೂ ಇಲ್ಲ. ಬಂಡೆಯ ಹಿಂದಿನ ಬರಿ ಕಲ್ಲನ್ನು ಕಂಡವರಲ್ಲಿ ಉಳಿದವರು ನಾನು, ಸುಮಿತ್ರಾ, ಮತ್ತು ಅವಳು ಇಂದಿಗೂ ಅಟ್ಟದ ಡಬ್ಬಿಗೆಂದು ಸ್ಟೂಲು ಹತ್ತಿದರೆ ಹಿಂದೆ ಬಂದು ಅವಳ ಸೆರಗು ಹಿಡಿದು ನಿಲ್ಲುವ ಶಾಂತಾಬಾಯಿ.